ಮೌಸ್ ಸೆಲ್ ತಿನ್ನುತ್ತಿದೆಯೇ? ಮೊದಲು ಸೆಲ್ ಮೇಲಿನ ಅಕ್ಷರ ಓದಿ

ಅಂಗಡಿಯಲ್ಲಿ ‘ಒಂದು ಪೆನ್‌ಸೆಲ್ ಕೊಡಿ’ ಎಂದರೆ ಬಹಳ ಸಲ ಕೈಗೆ ಬರುವುದು ಗೋಡೆ ಗಡಿಯಾರಕ್ಕೆ ಹಾಕುವ ಅಗ್ಗದ ಜಿಂಕ್–ಕಾರ್ಬನ್ ಸೆಲ್. ಗಡಿಯಾರಕ್ಕೆ ಅದು ಧಾರಾಳ. ವೈರ್‌ಲೆಸ್ ಮೌಸ್‌ಗೆ ಹಾಕಿದರೆ ಬೇಗ ಸುಸ್ತಾಗುತ್ತದೆ, ಬೈಗುಳ ಮಾತ್ರ ಮೌಸ್‌ಗೆ. ಹೊಸ ಮೌಸ್ ಕೊಳ್ಳುವ ಮುನ್ನ ಈ ಕ್ರಮದಲ್ಲಿ ನೋಡುತ್ತಾ ಬನ್ನಿ.

1. ಸೆಲ್ ಯಾವುದು?

ಸೆಲ್ ಮೈಮೇಲೆ ಸಣ್ಣಕ್ಷರದಲ್ಲಿ ಒಂದು ಸಂಕೇತ ಇರುತ್ತದೆ. ಎಎ ಗಾತ್ರದಲ್ಲಿ ‘ಆರ್6’ ಎಂದಿದ್ದರೆ ಜಿಂಕ್–ಕಾರ್ಬನ್, ‘ಎಲ್‌ಆರ್6’ ಎಂದಿದ್ದರೆ ಆಲ್ಕಲೈನ್, ‘ಎಚ್‌ಆರ್6’ ಎಂದಿದ್ದರೆ ರೀಚಾರ್ಜ್ ಮಾಡುವ ನಿಕ್ಕಲ್ ಸೆಲ್. ಎಎಎ ಗಾತ್ರಕ್ಕೆ 6ರ ಬದಲು 03 ಇರುತ್ತದೆ. ‘ಹೆವಿ ಡ್ಯೂಟಿ’ ಎಂಬ ದಪ್ಪಕ್ಷರಕ್ಕೆ ಮರುಳಾಗಬೇಡಿ, ಅದೂ ಜಿಂಕ್–ಕಾರ್ಬನ್ನೇ.

ಎಎ ಆಲ್ಕಲೈನ್ ಸೆಲ್ಲಿನಲ್ಲಿ ಸುಮಾರು 2000ರಿಂದ 2800 ಮಿಲಿಆಂಪ್–ಗಂಟೆ (ಸೆಲ್ಲಿನಲ್ಲಿ ತುಂಬಿರುವ ವಿದ್ಯುತ್ತಿನ ಅಳತೆ) ಇದ್ದರೆ ಜಿಂಕ್–ಕಾರ್ಬನ್‌ನಲ್ಲಿ ಬಹಳ ಸಲ ಅದರ ಅರ್ಧವೂ ಇರುವುದಿಲ್ಲ. ಜೊತೆಗೆ ಅದರ ಒಳರೋಧ ಹೆಚ್ಚು. ಮೌಸ್ ಸಿಗ್ನಲ್ ಕಳಿಸಲು ತಟ್ಟನೆ ಕರೆಂಟ್ ಎಳೆದಾಗಲೆಲ್ಲ ವೋಲ್ಟೇಜ್ ಕುಸಿಯುತ್ತದೆ, ಬಿಟ್ಟರೆ ಚೇತರಿಸಿಕೊಳ್ಳುತ್ತದೆ. ಬೆಳಿಗ್ಗೆ ಚೆನ್ನಾಗಿ ಓಡಿದ ಮೌಸ್ ಮಧ್ಯಾಹ್ನ ಕೈಕೊಟ್ಟು, ಮರುದಿನ ಬೆಳಿಗ್ಗೆ ಮತ್ತೆ ಸರಿಯಾಗುವುದು ಇದರಿಂದಲೇ.

ರೀಚಾರ್ಜ್ ಸೆಲ್ ಹಾಕುವವರು ತಾನಾಗಿ ಬೇಗ ಚಾರ್ಜ್ ಇಳಿಯದ ಬಗೆಯದನ್ನು (ಪ್ಯಾಕಿನ ಮೇಲೆ ‘ಪ್ರೀ–ಚಾರ್ಜ್ಡ್’ ಎಂದಿರುತ್ತದೆ) ಕೊಳ್ಳಿ. ಅದರ ವೋಲ್ಟೇಜ್ 1.2 ಮಾತ್ರ. ಹಾಗಾಗಿ ಕೆಲವು ಮೌಸ್‌ಗಳು ‘ಬ್ಯಾಟರಿ ಕಡಿಮೆ’ ಎಂದು ಬೇಗನೇ ಕೂಗುತ್ತವೆ; ಕೆಲಸ ನಡೆಯುತ್ತಿದ್ದರೆ ಸುಮ್ಮನಿರಿ. ಆಲ್ಕಲೈನ್ ಸೆಲ್ಲನ್ನು ಮಾತ್ರ ಚಾರ್ಜರ್‌ಗೆ ಹಾಕಲೇಬೇಡಿ.

2. ಮೌಸ್ ಎಷ್ಟು ಎಳೆಯುತ್ತಿದೆ?

ಕರೆಂಟ್, ವೋಲ್ಟೇಜ್ ಅಳೆಯುವ ಸಾಮಾನ್ಯ ಮಲ್ಟಿಮೀಟರ್ ಸಾಕು. ಒಂದು ಬೆರಳಗಲದ ಕಾಗದದ ಪಟ್ಟಿಯ ಎರಡೂ ಬದಿಗೆ ಅಡುಗೆಮನೆಯ ಅಲ್ಯೂಮಿನಿಯಂ ಫಾಯಿಲ್ ಅಂಟಿಸಿ; ಎರಡು ಫಾಯಿಲ್‌ಗಳು ಒಂದಕ್ಕೊಂದು ತಾಗಬಾರದು. ಈ ಪಟ್ಟಿಯನ್ನು ಸೆಲ್ಲಿನ ಪ್ಲಸ್ ತುದಿ ಮತ್ತು ಮೌಸ್‌ನ ತಗಡಿನ ನಡುವೆ ತೂರಿಸಿ, ಮೀಟರನ್ನು ಡಿಸಿ 200 ಮಿಲಿಆಂಪ್‌ಗೆ ತಿರುಗಿಸಿ, ಒಂದೊಂದು ಫಾಯಿಲ್‌ಗೆ ಮೀಟರಿನ ಒಂದೊಂದು ಕಡ್ಡಿ ಹಿಡಿಯಿರಿ. ಆಂಪ್ ಅಳೆಯುವಾಗ ಕಡ್ಡಿಗಳನ್ನು ನೇರ ಸೆಲ್ಲಿನ ಎರಡು ತುದಿಗೆ ಹಿಡಿದರೆ ಮೀಟರಿನ ಫ್ಯೂಸ್ ಹೋಗುತ್ತದೆ.

ಈಗ ಮೌಸ್ ಆಡಿಸಿ ನೋಡಿ. ಆಡಿಸುವಾಗ 8 ಮಿಲಿಆಂಪ್ ಬಂತು ಎನ್ನೋಣ. ದಿನಕ್ಕೆ 6 ಗಂಟೆ ಆಡಿದರೆ 48 ಮಿಲಿಆಂಪ್–ಗಂಟೆ ಖರ್ಚು; 2400ರ ಸೆಲ್ 50 ದಿನ ಬರಬೇಕು. ಮೌಸ್ ಬಿಟ್ಟು ಕೆಲವು ನಿಮಿಷ ಕಾದರೂ ಅಂಕಿ ಇಳಿಯದಿದ್ದರೆ ಅದು ನಿದ್ದೆಗೆ ಹೋಗುತ್ತಿಲ್ಲ, ತೊಂದರೆ ಮೌಸ್‌ನಲ್ಲೇ ಇದೆ.

ಇದೇ ಪರೀಕ್ಷೆಯನ್ನು ಹೊಳೆಯುವ ಮೇಜಿನ ಮೇಲೊಮ್ಮೆ, ಬಿಳಿ ಕಾಗದದ ಮೇಲೊಮ್ಮೆ ಮಾಡಿ. ನುಣುಪಾದ ಅಥವಾ ಕಪ್ಪು ಮೇಲ್ಮೈಯಲ್ಲಿ ಗುರುತು ಸಿಗದೆ ಹಲವು ಮೌಸ್‌ಗಳು ತಳದ ದೀಪದ ಬೆಳಕು ಹೆಚ್ಚಿಸುತ್ತವೆ. ಅಂಕಿಯಲ್ಲಿ ವ್ಯತ್ಯಾಸ ಕಂಡರೆ ತಿಳಿಬಣ್ಣದ ಬಟ್ಟೆಯ ಪ್ಯಾಡ್ ತನ್ನ ಬೆಲೆಯನ್ನು ತಾನೇ ದುಡಿದುಕೊಳ್ಳುತ್ತದೆ.

3. ತೊಂದರೆ ಸೆಲ್ಲಿನದ್ದೇ?

ಬಾಣದ ಗುರುತು ಎಗರೆಗರಿ ಓಡಿದರೆ ಸೆಲ್ ಮುಗಿಯಿತೆಂದು ಎಸೆಯುವವರು ಬಹಳ. ಮೌಸ್‌ನ ಸಿಗ್ನಲ್ ಹಿಡಿಯಲು ಕಂಪ್ಯೂಟರ್‌ಗೆ ಸಿಕ್ಕಿಸುವ ಪುಟ್ಟ ರಿಸೀವರ್ ಕೆಲಸ ಮಾಡುವುದು 2.4 ಗಿಗಾಹರ್ಟ್ಸ್‌ನಲ್ಲಿ. ಯುಎಸ್‌ಬಿ 3 ಸಾಧನಗಳ ರೇಡಿಯೊ ಗದ್ದಲ ಅದೇ ತರಂಗಾಂತರಕ್ಕೆ ಸೋರುತ್ತದೆ ಎಂದು ಇಂಟೆಲ್ 2012ರಲ್ಲೇ ವಿವರಿಸಿತ್ತು. ಪಕ್ಕದಲ್ಲಿ ಹಾರ್ಡ್‌ಡಿಸ್ಕ್ ಸಿಕ್ಕಿಸಿದ್ದರೆ ಮೌಸ್ ಹೇಳಿದ್ದನ್ನೇ ಮತ್ತೆ ಮತ್ತೆ ಹೇಳಬೇಕಾಗುತ್ತದೆ, ಸೆಲ್ ಕೂಡ ಸವೆಯುತ್ತದೆ. ರಿಸೀವರನ್ನು ದೂರದ ಯುಎಸ್‌ಬಿ 2 ಕಿಂಡಿಗೆ ಹಾಕಿ, ಇಲ್ಲವೇ ಗಿಡ್ಡ ಎಕ್ಸ್‌ಟೆನ್ಷನ್ ವೈರ್‌ನಲ್ಲಿ ಮೌಸ್ ಹತ್ತಿರ ತನ್ನಿ.

ಸೆಲ್ ಮುಗಿದಿದೆಯೇ ಎಂದು ನೋಡಲು ಮೌಸ್ ಆನ್ ಇರುವಾಗಲೇ ವೋಲ್ಟೇಜ್ ಅಳೆಯಿರಿ. ಹೊರಗೆ ತೆಗೆದಿಟ್ಟ ಸೆಲ್ ಸುಳ್ಳು ಹೇಳುತ್ತದೆ. ಹೊಸ ಆಲ್ಕಲೈನ್ ಸುಮಾರು 1.6 ತೋರಿಸುತ್ತದೆ. 1.3 ಇದ್ದರೆ ಇನ್ನೂ ಜೀವವಿದೆ. 1.1ಕ್ಕಿಂತ ಕೆಳಗಿಳಿದರೆ ಬದಲಿಸಿ. ಎರಡು ಸೆಲ್ಲಿನ ಮೌಸ್‌ನಲ್ಲಿ ಎರಡನ್ನೂ ಒಟ್ಟಿಗೆ, ಒಂದೇ ಕಂಪನಿಯದನ್ನು ಹಾಕಿ.

ಸ್ಪ್ರಿಂಗ್ ಮೇಲೆ ಬಿಳಿ ಪುಡಿ ಕಂಡರೆ ಆಲ್ಕಲೈನ್ ಸೆಲ್ ಸೋರಿದೆ. ಅದು ಕ್ಷಾರ, ಬರಿಗೈಯಲ್ಲಿ ಮುಟ್ಟಬೇಡಿ. ಇಯರ್‌ಬಡ್ಡನ್ನು ವಿನೆಗರ್ ಅಥವಾ ನಿಂಬೆರಸದಲ್ಲಿ ಅದ್ದಿ ಒರೆಸಿ, ಆಮೇಲೆ ಐಸೊಪ್ರೊಪೈಲ್ ಆಲ್ಕೊಹಾಲ್‌ನಿಂದ ಒರೆಸಿ ಪೂರ್ತಿ ಒಣಗಲು ಬಿಡಿ.

4. ಸ್ವಿಚ್, ಸೆಟ್ಟಿಂಗ್

ಬ್ಯಾಗಿಗೆ ಹಾಕುವಾಗ ತಳದ ಸ್ವಿಚ್ ಆಫ್ ಮಾಡಿ. ಬಸ್ಸಿನ ಕುಲುಕಾಟಕ್ಕೆ ಮೌಸ್ ದಾರಿಯುದ್ದಕ್ಕೂ ಎಚ್ಚರವಾಗುತ್ತಿರುತ್ತದೆ. ಗೇಮಿಂಗ್ ಮೌಸ್‌ ಆದರೆ ಬಣ್ಣದ ದೀಪ ಆರಿಸಿ, ಪೋಲಿಂಗ್ ರೇಟನ್ನು (ಮೌಸ್ ಸೆಕೆಂಡಿಗೆ ಎಷ್ಟು ಸಲ ಕಂಪ್ಯೂಟರ್‌ಗೆ ವರದಿ ಕೊಡುತ್ತದೆ ಎಂಬುದು) 1000 ಹರ್ಟ್ಸ್‌ನಿಂದ 125ಕ್ಕೆ ಇಳಿಸಿ. ಎಕ್ಸೆಲ್ ಶೀಟಿಗೆ ಅಷ್ಟು ಸಾಕು.

ಒಳಗೇ ಲಿಥಿಯಂ ಬ್ಯಾಟರಿ ಇರುವ ಮೌಸ್ ಆಗಿದ್ದರೆ ತಳ ಉಬ್ಬಿದೆಯೇ ಎಂದು ಆಗಾಗ ನೋಡಿ. ಉಬ್ಬಿದ್ದರೆ ಚಾರ್ಜ್ ಮಾಡುವುದನ್ನು ಅಂದೇ ನಿಲ್ಲಿಸಿ. ಒತ್ತಬೇಡಿ, ಚುಚ್ಚಬೇಡಿ, ಮನೆಯ ಕಸಕ್ಕೂ ಹಾಕಬೇಡಿ, ಇ–ತ್ಯಾಜ್ಯ ಪಡೆಯುವವರಿಗೇ ಕೊಡಿ.