ಫ್ರೆಂಚ್ ಕ್ರಿಯಾಪದ: ಎಲ್ಲಿ ಬಿಡಿಸಬೇಕು, ಎಲ್ಲಿ ಒತ್ತಬೇಕು

ಫ್ರೆಂಚ್ ಕಲಿಯುತ್ತಿರುವವರೇ, ಕ್ರಿಯಾಪದವನ್ನು ಉಚ್ಚಾರಾಂಶಗಳಾಗಿ ಕಾಗುಣಿತ ನೋಡಿ ಬಿಡಿಸಬೇಡಿ, ಕಿವಿಗೊಟ್ಟು ಬಿಡಿಸಿ. ಕೇಳಿಸುವ ಸ್ವರ ಎಷ್ಟೋ ಉಚ್ಚಾರಾಂಶವೂ ಅಷ್ಟೇ, ಒತ್ತು ಕೊನೆಯದಕ್ಕೆ. 'ಝ ಪಾರ್ಲ್' (ಮಾತಾಡುತ್ತೇನೆ), 'ಇಲ್ ಪಾರ್ಲ್' (ಮಾತಾಡುತ್ತಾರೆ) ಎರಡರಲ್ಲೂ ಕ್ರಿಯಾಪದ ಒಂದೇ ಅಂಶ. ಎರಡನೆಯದರ ಕೊನೆಗೆ ಬರೆಯುವ ಇ-ಎನ್-ಟಿ ಸುಮ್ನೆ ಕೂತಿರುತ್ತದೆ. 'ನು ಪಾರ್-ಲೋಂ' (ಮಾತಾಡುತ್ತೇವೆ) ಅಂದರೆ ಒತ್ತು 'ಲೋಂ' ಮೇಲೆ. ಕೇಳಿಸದ ಸ್ವರಕ್ಕೆ ಒತ್ತು ಬೀಳಲಾರದು, ಅಲ್ವಾ? ಅದಕ್ಕೇ 'ಅಪ್ಲೋಂ' (ಕರೆಯುತ್ತೇವೆ) ಅನ್ನುವಲ್ಲಿ ಮಾಯವಾದ 'ಎ' (ಬರಹದಲ್ಲಿ ಇಂಗ್ಲಿಷ್‌ನ ಇ ಅಕ್ಷರ), ಕೊನೆಯ ಸ್ಥಾನ ಸಿಕ್ಕ 'ಝಾಪೆಲ್' (ಕರೆಯುತ್ತೇನೆ) ಅನ್ನುವಲ್ಲಿ ಗಟ್ಟಿಯಾಗಿ ಕೇಳಿಸುತ್ತದೆ. ನಮ್ಮ ಅಭ್ಯಾಸದಂತೆ ಕೊನೆಗೆ 'ಉ' ಅಂಟಿಸಿ 'ಪಾರ್ಲು' ಅನ್ನಬೇಡಿ, ಅಂಶವೇ ಜಾಸ್ತಿಯಾಗುತ್ತದೆ. ವಾಕ್ಯ ಬೆಳೆದರೆ ಒತ್ತು ಮುಂದಕ್ಕೆ ಜಾರುತ್ತದೆ: 'ನು ಪಾರ್ಲೋಂ ಫ್ರಾಂಸೆ'ಯಲ್ಲಿ 'ಸೆ'ಗೆ. ಹಳೆಯ ಛಂದಸ್ಸಿನ ಪದ್ಯದಲ್ಲಿ ಮೌನ 'ಎ' ಕೂಡ ಲೆಕ್ಕಕ್ಕೆ ಬರಬಹುದು. 'ಇಲ್ ವ್ಯೆಂ' (ಬರುತ್ತಾನೆ) ಏಕವಚನ. ಅದರ ಕೊನೆಗೂ ಇ-ಎನ್-ಟಿ ಬರೆಯುತ್ತಾರೆ, ಆದರೆ ಅಲ್ಲಿನ ಇ-ಎನ್ ಮೌನವಲ್ಲ, ಮೂಗಿನ ಸ್ವರ.