ರಜೆಯಲ್ಲಿ ಹಿರಿಯರ ನೆನಪಿನ ಪುಸ್ತಿಕೆ: ಮಕ್ಕಳಿಂದ ಮಾಡಿಸುವುದು ಹೇಗೆ?

ರಜೆ ಬಂತೆಂದರೆ ವೃದ್ಧಾಶ್ರಮಗಳಿಗೆ ಶಾಲಾ ತಂಡಗಳು ಸಾಲುಗಟ್ಟುತ್ತವೆ. ಒಂದು ಹಾಡು, ಒಂದಿಷ್ಟು ಉಡುಗೊರೆ, ಒಂದು ಗುಂಪು ಫೋಟೊ, ಅಷ್ಟಕ್ಕೇ ಮುಗಿಯುತ್ತದೆ. ಅದೇ ಶ್ರಮದಲ್ಲಿ ಹಿರಿಯರ ನೆನಪುಗಳ ಪುಸ್ತಿಕೆಯೊಂದನ್ನು ತರಬಹುದು. ಭಾಷೆ, ಇತಿಹಾಸದ ಪಾಠಗಳು ಅದರೊಳಗೇ ಸೇರುತ್ತವೆ. 8ರಿಂದ 10ನೇ ತರಗತಿಯವರಿಗೆ ಇದು ಹೇಳಿಮಾಡಿಸಿದ ಕೆಲಸ.

ಮೊದಲು ಕೇಳಿ. ರಜೆಗೆ ಒಂದು ತಿಂಗಳಿರುವಾಗಲೇ ಆಶ್ರಮದ ಮೇಲ್ವಿಚಾರಕರನ್ನು ಭೇಟಿಯಾಗಿ. ಮಾತನಾಡಲು ಇಷ್ಟವಿರುವವರು ಎಷ್ಟು ಜನ, ಊಟ, ಔಷಧಿ, ವಿಶ್ರಾಂತಿಗೆ ಅಡ್ಡಿಯಾಗದ ಹೊತ್ತು ಯಾವುದು ಎಂದು ವಿಚಾರಿಸಿ. ಅಲ್ಲಿನವರು ‘ನಮಗೆ ಪುಸ್ತಿಕೆ ಬೇಡ, ಪತ್ರಿಕೆ ಓದಿ ಹೇಳುವವರು ಬೇಕು’ ಎಂದರೆ ಯೋಜನೆಯನ್ನೇ ಬದಲಿಸಿ. ಬೇಡದ ಸೇವೆಯನ್ನು ಹೊರಿಸಬಾರದು. ಪೋಷಕರ ಒಪ್ಪಿಗೆ ಪತ್ರ ಈ ಹಂತದಲ್ಲೇ ಕೈಯಲ್ಲಿರಲಿ.

ಜೋಡಿ, ಪ್ರಶ್ನೆ, ಅಭ್ಯಾಸ. ಒಬ್ಬ ಹಿರಿಯರಿಗೆ ಇಬ್ಬರು ಮಕ್ಕಳು: ಒಬ್ಬರು ಮಾತಿಗೆ, ಇನ್ನೊಬ್ಬರು ಟಿಪ್ಪಣಿಗೆ. ಮೂವರಾದರೆ ಹಿರಿಯರಿಗೆ ವಿಚಾರಣೆಗೆ ಕೂತಂತಾಗುತ್ತದೆ. ಎಂಟು ಪ್ರಶ್ನೆ ಸಾಕು. ‘ನಿಮ್ಮ ಬಾಲ್ಯ ಚೆನ್ನಾಗಿತ್ತೇ?’ ಎಂದರೆ ‘ಹೌದು’ ಎಂಬಲ್ಲಿಗೆ ಮಾತು ನಿಲ್ಲುತ್ತದೆ. ‘ಶಾಲೆಗೆ ಹೋಗುವ ದಾರಿ ಹೇಗಿತ್ತು?’ ಎಂದು ಕೇಳಿದರೆ ತಾನೇ ಬಿಚ್ಚಿಕೊಳ್ಳುತ್ತದೆ. ಮರೆವಿನ ಕಾಯಿಲೆ ಇರುವವರಿಗೆ ‘ನೆನಪಿದೆಯಾ?’ ಎನ್ನಲೇಬೇಡಿ, ಅದು ಪರೀಕ್ಷೆಯಂತೆ ನೋಯಿಸುತ್ತದೆ. ಹಳೆಯ ಫೋಟೊ ಅಥವಾ ಬಳಸಿದ ವಸ್ತುವೊಂದನ್ನು ಕೈಗಿತ್ತು ಕಾಯಿರಿ.

ವಯಸ್ಸಾದಂತೆ ಕಿವಿ ಮೊದಲು ಕಳೆದುಕೊಳ್ಳುವುದು ತಾರಸ್ವರವನ್ನು, ಅಂದರೆ ಕೀರಲು ದನಿಯನ್ನು. ಮಕ್ಕಳ ಧ್ವನಿ ಸಹಜವಾಗಿ ಏರು. ಕಿರುಚಿದರೆ ಇನ್ನೂ ಅಸ್ಪಷ್ಟ. ಎದುರು ಕೂತು, ಮುಖ ಕಾಣುವಂತೆ, ಪಿಸುಗುಟ್ಟದೆ, ತಗ್ಗಿದ ಸ್ವರದಲ್ಲಿ ನಿಧಾನವಾಗಿ ಮಾತನಾಡುವುದನ್ನು ತರಗತಿಯಲ್ಲೇ ರೂಢಿ ಮಾಡಿಸಿ.

ಭೇಟಿ. 40 ನಿಮಿಷ ಮೀರಬೇಡಿ. ಅದರಲ್ಲಿ 20 ನಿಮಿಷ ಮಾತ್ರ, ಅದೂ ಅನುಮತಿ ಕೇಳಿ, ಮೊಬೈಲಿನಲ್ಲಿ ಧ್ವನಿಮುದ್ರಣ. ಒಂದು ಗಂಟೆಯ ಮಾತನ್ನು ಬರಹಕ್ಕಿಳಿಸಲು ನಾಲ್ಕು ಗಂಟೆಗೂ ಹೆಚ್ಚು ಬೇಕು. ಸಿಕ್ಕಿದ್ದನ್ನೆಲ್ಲ ಧ್ವನಿಮುದ್ರಿಸಿಕೊಂಡ ತಂಡಗಳು ರಜೆ ಮುಗಿಯುವ ಹೊತ್ತಿಗೆ ಕೈಚೆಲ್ಲುವುದು ಇಲ್ಲಿಯೇ. ಫ್ಯಾನಿನಿಂದ ದೂರ ಕುಳಿತರೆ ಧ್ವನಿ ಶುದ್ಧವಾಗಿ ಸಿಗುತ್ತದೆ. ನೆಗಡಿ, ಜ್ವರ ಇರುವ ಮಗು ಆ ದಿನ ಹೋಗಲೇಬಾರದು. ಹಿರಿಯರು ಕಣ್ಣೀರಿಟ್ಟರೆ ಧ್ವನಿಮುದ್ರಣ ನಿಲ್ಲಿಸಿ ಸುಮ್ಮನೆ ಜೊತೆಗಿರಬೇಕು, ಶಿಕ್ಷಕರನ್ನು ಕರೆಯಬೇಕು. ಇದನ್ನು ಮುಂಚೆಯೇ ಹೇಳಿಕೊಟ್ಟಿರಿ.

ಪ್ರತಿ ಭೇಟಿಯ ನಂತರ, ಅದೇ ದಿನ, 15 ನಿಮಿಷ ವೃತ್ತಾಕಾರವಾಗಿ ಕೂರಿಸಿ. ‘ಏನನ್ನಿಸಿತು?’ ಎಂದರೆ ಎಲ್ಲರದೂ ‘ಖುಷಿಯಾಯಿತು’. ಬದಲಿಗೆ ‘ನೀವು ಅಂದುಕೊಂಡದ್ದರಲ್ಲಿ ಯಾವುದು ತಪ್ಪಾಗಿತ್ತು? ಪಠ್ಯದಲ್ಲಿ ಓದಿದ್ದಕ್ಕೂ ಇವರು ಹೇಳಿದ್ದಕ್ಕೂ ಎಲ್ಲಿ ತಾಳೆಯಾಗಲಿಲ್ಲ?’ ಎಂದು ಕೇಳಿ. ಸಮಯ ಸಾಲದೆಂದು ಶಾಲೆಗಳು ಮೊದಲು ಕೈಬಿಡುವುದು ಇದನ್ನೇ. ಇದಿಲ್ಲದಿದ್ದರೆ ಸೇವೆ ಉಳಿದೀತು, ಕಲಿಕೆ ಉಳಿಯದು.

ಬರಹ, ಅಚ್ಚು. ಒಬ್ಬರಿಗೆ ಎರಡು ಪುಟ. ಅವರ ಆಡುಮಾತನ್ನು ಪುಸ್ತಕದ ಭಾಷೆಗೆ ತಿದ್ದಬೇಡಿ. ಕರಡನ್ನು ಅವರಿಗೇ ಓದಿ ಹೇಳಿ. ‘ಇದು ಬೇಡ’ ಎಂದ ಸಾಲನ್ನು ಕಾರಣ ಕೇಳದೆ ತೆಗೆಯಿರಿ. ಅಕ್ಷರ 16 ಪಾಯಿಂಟ್‌ಗಿಂತ ಚಿಕ್ಕದಾಗದಿರಲಿ. ಎ4 ಹಾಳೆಯನ್ನು ಮಧ್ಯೆ ಮಡಚಿ ಪಿನ್ ಹೊಡೆಯುವುದಾದರೆ ಪುಟಗಳ ಸಂಖ್ಯೆ ನಾಲ್ಕರಿಂದ ಭಾಗವಾಗಬೇಕು, ಇಲ್ಲವಾದರೆ ಕೊನೆಗೆ ಖಾಲಿ ಪುಟ ಉಳಿಯುತ್ತದೆ. ಹತ್ತು ಹಿರಿಯರ 20 ಪುಟ, ಮುಖಪುಟದ ನಾಲ್ಕು ಸೇರಿ 24: ಒಂದು ಪ್ರತಿಗೆ ಆರು ಹಾಳೆ.

ಪ್ರತಿಗಳನ್ನು ರಜೆಯಲ್ಲಿ ಕೊಡಬೇಡಿ. ಶಾಲೆ ಶುರುವಾಗಿ ಮೂರ್ನಾಲ್ಕು ವಾರ ಕಳೆದು, ಆಶ್ರಮಕ್ಕೆ ಯಾರೂ ಬಾರದ ದಿನಗಳಲ್ಲಿ ಆಯಾ ಜೋಡಿಯೇ ಹೋಗಿ ತಾವು ಬರೆದ ಪುಟಗಳನ್ನು ಗಟ್ಟಿಯಾಗಿ ಓದಿ ಕೊಡಲಿ. ಆ ದಿನಾಂಕವನ್ನು ಮೊದಲ ಭೇಟಿಯಲ್ಲೇ ಮೇಲ್ವಿಚಾರಕರ ಕ್ಯಾಲೆಂಡರಿನಲ್ಲಿ ಬರೆಸಿ.