ಬ್ಯಾಸಗಿ, ಕರೆಂಟು ಮತ್ತ ತಂಗಿ ಮದುವಿ ವಿಡಿಯೋ

ತಂಗಿ ಮದುವಿ ವಿಡಿಯೋ ನಾಕು ತಾಸಿಂದು ಅದ, ಎಲ್ಲಾ 4ಕೆ. ಸಣ್ಣ ಮಾಡಿ ಬೀಗರ ಮನಿಗೊಂದು, ಕಾಕಾನ ಮನಿಗೊಂದು ಪೆನ್‌ಡ್ರೈವ್ ಕೊಡಬೇಕಂತ ಕುಂತೆ. ನಂದು 8ನೇ ಜನರೇಷನ್ ಐ5, ಬ್ಯಾರೆ ಗ್ರಾಫಿಕ್ಸ್ ಕಾರ್ಡ್ ಇಲ್ಲ, ಉಬುಂಟು ಲಿನಕ್ಸ್ ಹಾಕೀನಿ. ಎಫ್‌ಎಫ್‌ಎಂಪೆಗ್ ಅನ್ನೋ ವಿಡಿಯೋ ಸಾಫ್ಟ್‌ವೇರ್‌ನ್ಯಾಗ ಎಕ್ಸ್265 (ಪ್ರೊಸೆಸರ್ ಮ್ಯಾಲೇ ವಿಡಿಯೋ ಸಣ್ಣ ಮಾಡೋದು) 'ಸ್ಲೋ' ಸೆಟ್ಟಿಂಗ್ ಹಚ್ಚಿದ್ರ ಸೆಕೆಂಡಿಗೆ 4 ಫ್ರೇಮ್ ಹೊಂಟಿತ್ತು, ವಿಡಿಯೋ ನೋಡಿದ್ರ 30 ಫ್ರೇಮಿಂದು, ಅಂದ್ರ ಒಂದು ತಾಸಿನ ವಿಡಿಯೋಕ್ಕ ಏಳೂವರಿ ತಾಸು!

ಅದೂ ಮೇ ತಿಂಗಳ ಕಲಬುರಗಿ, ಮಾಳಿಗಿ ಮ್ಯಾಲಿನ ಖೋಲಿ. ಹೊರಗ 42 ಡಿಗ್ರಿ, ಪ್ರೊಸೆಸರ್ 95. ರಾತ್ರಿ ಹಚ್ಚಿ ಮಲಗಿದೆ, ನಸಿಕಿನ್ಯಾಗ ಕರೆಂಟ್ ಹೋತು, ಅಲ್ಲಿತನಕ ಆಗಿದ್ದ ಎಂಪಿ4 ಫೈಲು ತೆರೀಲೇ ಇಲ್ಲ. ಎಂಪಿ4 ತನ್ನ ಇಂಡೆಕ್ಸ್ (ಯಾವ ಫ್ರೇಮ್ ಎಲ್ಲದ ಅನ್ನೋ ಪಟ್ಟಿ) ಎಲ್ಲಾ ಮುಗದ ಮ್ಯಾಲ ಕಡೀಕ ಬರೀತದ, ನಡುವ ನಿಂತ್ರ ಅಷ್ಟೂ ನೀರಾಗ ಹೋದಂಗ. ಅವತ್ತಿಂದ ಎಂಕೆವಿ ಅನ್ನೋ ಇನ್ನೊಂದು ನಮೂನಿ ಫೈಲೇ ಮಾಡ್ತೀನಿ, ಅರ್ಧ ಆದ್ರ ಅರ್ಧಾದರೂ ಕೈಗೆ ಸಿಗ್ತದ.

ಇಂಟೆಲ್‌ನವರು 2011ರ ಸ್ಯಾಂಡಿ ಬ್ರಿಜ್‌ನಿಂದಲೇ ವಿಡಿಯೋಕ್ಕಂತ ಚಿಪ್ಪಿನ್ಯಾಗ ಬ್ಯಾರೆ ಸರ್ಕ್ಯೂಟ್ ಇಟ್ಟಾರ, ಕ್ವಿಕ್ ಸಿಂಕ್ ಅಂತಾರ ಅದಕ್ಕ. ಇಷ್ಟು ವರ್ಷ ನನ್ನ ಮಷೀನ್ದಾಗ ಅದು ಸುಮ್ನ ಕುಂತಿತ್ತು ನೋಡ್ರಿ. ಲಿನಕ್ಸ್‌ನ್ಯಾಗ ವಿಎ-ಎಪಿಐ (ಸಾಫ್ಟ್‌ವೇರ್‌ನವರು ಆ ಸರ್ಕ್ಯೂಟ್ ಬಳಸೋ ದಾರಿ) ಮೂಲಕ ಎಬ್ಬಸಲಾಕ ಹೋದ್ರ ಡಿಸ್ಪ್ಲೇ ಸಿಗವಲ್ದು ಅಂತ ಎರರ್, ಎರಡು ದಿನ ಡ್ರೈವರ್ ತಗಿ ಹಾಕು ತಗಿ ಹಾಕು ಮಾಡಿದೆ, ಕಡೀಕ ನೋಡಿದ್ರ ನನ್ನ ಯೂಸರ್ ಜಿಪಿಯು (ಚಿಪ್ಪಿನ ಗ್ರಾಫಿಕ್ಸ್ ಭಾಗ) ಮುಟ್ಟಲಾಕ ಪರವಾನಗಿ ಇರೋ 'ರೆಂಡರ್' ಗ್ರೂಪಿನ್ಯಾಗೇ ಇದ್ದಿಲ್ಲ. ಸೇರಿಸಿ ಲಾಗೌಟ್ ಮಾಡಿ ಬಂದೆ, ಓಡ್ತು.

ಆದ್ರ ಬರೇ 12 ಫ್ರೇಮ್! ಜಿಪಿಯು ಎಷ್ಟು ಕೆಲಸ ಮಾಡ್ತದಂತ ತೋರಿಸೋ ಇಂಟೆಲ್ ಜಿಪಿಯು ಟಾಪ್ ತಗದು ನೋಡಿದೆ, ವಿಡಿಯೋ ಇಂಜಿನ್ ಅರ್ಧಕ್ಕರ್ಧ ಖಾಲಿ ಕುಂತದ, ಪ್ರೊಸೆಸರ್ ಮಾತ್ರ ಉಸ್ಸಂತದ. ಎನ್‌ಕೋಡ್ (ಹೊಸಾ ಫೈಲಿಗೆ ಒತ್ತಿ ಸಣ್ಣ ಮಾಡೋದು) ಅಷ್ಟೇ ಜಿಪಿಯುಕ್ಕ ಕೊಟ್ಟಿದ್ದೆ, ಡಿಕೋಡು (ಹಳೇ ಫೈಲ್ ಬಿಚ್ಚೋದು), 1080ಕ್ಕ ಇಳಿಸೋದು ಎರಡೂ ಪ್ರೊಸೆಸರ್ ತಲಿ ಮ್ಯಾಲೇ ಇತ್ತು, ಒಂದೊಂದು ಫ್ರೇಮೂ ಆಕಡಿಂದ ಈಕಡಿ ಹೊತ್ತು ಹಾಕಬೇಕು. ಎಫ್‌ಎಫ್‌ಎಂಪೆಗ್ ಕಮಾಂಡಿನ್ಯಾಗ ಹೆಚ್‌ವ್ಯಾಕ್ಸೆಲ್ (ಹಾರ್ಡ್‌ವೇರ್‌ಲೇ ಡಿಕೋಡ್ ಮಾಡು ಅನ್ನೋದು), ಅದರ ಔಟ್‌ಪುಟ್ ಫಾರ್ಮ್ಯಾಟ್ ಎರಡಕ್ಕೂ ವಿಎ-ಎಪಿಐ ಅಂತ ಬರದು, ಸ್ಕೇಲ್ ಫಿಲ್ಟರೂ ಅದರದೇ ಹಾಕಿದ ಮ್ಯಾಲ ಫ್ರೇಮ್ ಜಿಪಿಯು ಬಿಟ್ಟು ಹೊರಗ ಬರೋ ಕೆಲಸಾನೇ ಇಲ್ಲ, ಸ್ಪೀಡ್ 60 ದಾಟ್ತು. ನಾಕು ತಾಸಿಂದು ಎರಡು ತಾಸಿನ್ಯಾಗ ಖತಂ, ಫ್ಯಾನ್ ಸಪ್ಪಳನೂ ಇಲ್ಲ. ಅವ್ವ ಬಂದು "ಬಂದ್ ಮಾಡಿಯೇನಪಾ?" ಅಂತ ಕೇಳಿದ್ಲು.

ಇದರಾಗ ಒಂದು ಕಿರಿಕಿರಿ ಅದ. ಎಕ್ಸ್265 ಸ್ಲೋನಷ್ಟು ಚಂದ ಬೇಕಂದ್ರ ಹಾರ್ಡ್‌ವೇರ್‌ಕ್ಕ ಬಿಟ್‌ರೇಟ್ (ಸೆಕೆಂಡಿಗೆ ಎಷ್ಟು ಡೇಟಾ ಅನ್ನೋದು) ಜಾಸ್ತಿ ಕೊಡಬೇಕು, ಫೈಲ್ ದಪ್ಪ ಆಗ್ತದ. ಮಂದಿ ಕುಂತು ಊಟ ಮಾಡೋದು, ಭಾಷಣ, ಅವೆಲ್ಲ ಏನೂ ಫರಕ್ ಕಾಣಂಗಿಲ್ಲ. ಅಕ್ಕಿಕಾಳು ಬೀಳೋ ಟೈಮ್ ನೋಡ್ರಿ, ಸಾವಿರ ಕಾಳು ಒಂದೊಂದು ದಿಕ್ಕಿಗೆ ಹಾರ್ತಾವ, ತಂಗಿ ಮಾರಿ ಚೌಕ ಚೌಕ ಆಗಿತ್ತು. ಆ ಹತ್ತು ನಿಮಿಷ ಅಷ್ಟೇ ಕತ್ತರಿಸಿ ಮತ್ತ ಎಕ್ಸ್265 ಸ್ಲೋಕ್ಕ ಹಚ್ಚಿದೆ, ಮುಂಜಾನಿ ಐದಕ್ಕ, ಬಿಸಲೇರೋಕಿಂತ ಮೊದಲ. ಪೆನ್‌ಡ್ರೈವ್‌ನ್ಯಾಗ ಅದು ಬ್ಯಾರೇನೇ ಫೈಲ್ ಅದ, ಕಾಕಾ ಅದೊಂದೇ ನೋಡ್ತಾನ.